ಶನಿವಾರ-ಭಾನುವಾರ ಆಗುಂಬೆ ಕಾಡಿಗೆ ಹೋಗಿ ‘ಸೇವೆ’ ಮಾಡೋದರಿಂದ ಕಾಡಿಗೆ ಏನಾದರೂ ಉಪಯೋಗ ಇದೆಯಾ?

ಗಿರಿನಗರದ ಅಮ್ಮ (ಮೇ ಎರಡನೇ ವಾರ)

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬೆಂಗಳೂರಿನವಳು. ಸಣ್ಣ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮಗಳು ಏಳನೇ ಕ್ಲಾಸು. ಅವಳಿಗೆ ಕಪ್ಪೆ ಹುಚ್ಚು. ಮಳೆಗಾಲದಲ್ಲಿ ನಮ್ಮ ಬಚ್ಚಲುಮನೆ ಕಿಟಕಿಗೆ ಬಂದು ಕೂರುವ ಮರಗಪ್ಪೆಗೆ ರಂಗಪ್ಪ ಅಂತ ಹೆಸರಿಟ್ಟಿದ್ದಾಳೆ. ಅದು ಗಂಡೋ ಹೆಣ್ಣೋ ದೇವರಿಗೇ ಗೊತ್ತು.

ಹೋದ ವರ್ಷ ಜುಲೈನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಟ್ರಿಪ್ ಬಗ್ಗೆ ಬಂತು. ಮಳೆಕಾಡಲ್ಲಿ ಎರಡು ದಿನ, ಬೀಜದುಂಡೆ ಎಸೆಯೋದು, ರಾತ್ರಿ ಕಪ್ಪೆ ನೋಡೋದು, ಜಲಪಾತ. ತಲೆಗೆ 4,800 ರೂಪಾಯಿ. ಇಬ್ಬರೂ ಹೋದೆವು. ಮೂರು ಟಿಟಿ (ಟೆಂಪೊ ಟ್ರಾವೆಲರ್) ಗಾಡಿಯಲ್ಲಿ 38 ಜನ. ಬೆಳಿಗ್ಗೆ ಆಗುಂಬೆ ಹತ್ತಿರ ಉಪ್ಪಿಟ್ಟು ತಿಂದು, ರಸ್ತೆಯ ಒಂದು ತಿರುವಿನಲ್ಲಿ ಇಳಿದೆವು. ಪ್ಲಾಸ್ಟಿಕ್ ಚೀಲದಿಂದ ಬೀಜದುಂಡೆ ಹಂಚಿದರು. ಎಲ್ಲರೂ ಎಸೆದೆವು, ಫೋಟೋ ತೆಗೆದರು. ಹದಿನೈದು ನಿಮಿಷವೂ ಆಗಲಿಲ್ಲ. ಆಮೇಲೆ ನೀರಲ್ಲಿ ಮೂರು ಗಂಟೆ. ರಾತ್ರಿ 38 ಟಾರ್ಚು ಹಿಡಿದು ಹೊರಟರೆ ಯಾವ ಕಪ್ಪೆ ತಾನೇ ಕೂತಿರುತ್ತೆ? ಒಂದೇ ಒಂದು ಸಿಕ್ಕಿತು. ಅದನ್ನೂ ಒಬ್ಬ ಹುಡುಗ ಅಂಗೈಯಲ್ಲಿ ಹಿಡಿದು ಎಲ್ಲರ ಮೊಬೈಲ್ ಮುಂದೆ ತಂದ. ಭಾನುವಾರ ಮಧ್ಯಾಹ್ನ ‘ಕಾಡಿನ ಗೆಳೆಯ’ ಅಂತ ಸರ್ಟಿಫಿಕೇಟ್ ಕೊಟ್ಟರು.

ವಾಪಸ್ ಬರುವಾಗ ಮಗಳು ಕೇಳಿದಳು: “ಅಮ್ಮಾ, ನಾವು ಎಸೆದ ಉಂಡೆ ಎಲ್ಲಾ ಚರಂಡಿಗೇ ಬಿತ್ತಲ್ವಾ?”

ನಾನೂ ನೋಡಿದ್ದೆ. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ.

ಈ ಸಲ ಗುಂಪಿನ ಜೊತೆ ಬೇಡ ಅಂದುಕೊಂಡಿದ್ದೇವೆ. ಎರಡೇ ದಿನದಲ್ಲಿ ಒಬ್ಬ ತಾಯಿ, ಒಬ್ಬಳು ಹುಡುಗಿ ಅಲ್ಲಿನವರಿಗೆ ತೊಂದರೆ ಕೊಡದೆ ಮಾಡಬಹುದಾದ ಕೆಲಸ ಏನಾದರೂ ಇದೆಯಾ? ಬೀಜದುಂಡೆಯಿಂದ ನಿಜವಾಗಿ ಗಿಡ ಬರುತ್ತಾ? ಯಾವ ತಿಂಗಳು ಒಳ್ಳೆಯದು? ಜಿಗಣೆ ವಿಷಯವನ್ನೂ ಹೇಳಿ. ನಮ್ಮ ಅತ್ತೆಯವರು ಹೋದ ವರ್ಷ ಮಗಳ ಕಾಲು ನೋಡಿದವರು ಇನ್ನೂ ಅದನ್ನು ಮರೆತಿಲ್ಲ.

ಕೆಂಪು ಬಸ್ಸು

ಟಿಟಿ ಬಿಡಿ, ಮೇಡಂ. ರಾತ್ರಿ ರೈಲಲ್ಲಿ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿಗೆ ಬಸ್ಸು, ಮತ್ತೆ ಆಗುಂಬೆಗೆ ಇನ್ನೊಂದು ಬಸ್ಸು. ನಿಮ್ಮಿಬ್ಬರ ಖರ್ಚು ಕಾಲು ಭಾಗವೂ ಆಗಲ್ಲ. ಉಡುಪಿ ಕಡೆಯಿಂದ ಹತ್ತುವುದಾದರೆ ಘಾಟಿ ತೆರೆದಿದೆಯಾ ಅಂತ ಮೊದಲು ಕೇಳಿಕೊಳ್ಳಿ. ಹದಿನಾಲ್ಕು ಹೇರ್‌ಪಿನ್ ತಿರುವು, ಜೋರು ಮಳೆಗೆ ಮಣ್ಣು ಜಾರಿದರೆ ಮುಚ್ಚುತ್ತಾರೆ. ಮಗಳಿಗೆ ವಾಂತಿ ಅಭ್ಯಾಸ ಇದ್ದರೆ ಮುಂದಿನ ಸೀಟು.

ತೋಟದಾಚೆ

ನಾನು ಆಗುಂಬೆ ಹೋಬಳಿಯವನೇ. ಒಂದೂವರೆ ಎಕರೆ ಅಡಿಕೆ ತೋಟ, ಅದರಾಚೆ ಕಾಡು. ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಕೊಡಬೇಕು ಅಂತಲೇ ಈ ಸೈಟಿಗೆ ಲಾಗಿನ್ ಆದೆ, ಪಾಸ್‌ವರ್ಡ್ ಮರೆತುಹೋಗಿತ್ತು.

ಹೌದು ಪುಟ್ಟಿ, ಚರಂಡಿಗೇ ಬಿತ್ತು. ಚರಂಡಿಗೆ ಬೀಳದಿದ್ದರೂ ಏನೂ ಆಗ್ತಿರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಬೀಜದುಂಡೆ ಮಾಡುವುದು ಹೇಗೆ? ಮಣ್ಣು, ಗೊಬ್ಬರ ಕಲಸಿ, ಬೀಜ ಇಟ್ಟು, ಉಂಡೆ ಕಟ್ಟಿ ಒಣಗಿಸುತ್ತಾರೆ. ಒಣಗಿದರೂ ಬದುಕುವ ಬೀಜಕ್ಕೆ ಅದು ಸರಿ. ನಮ್ಮ ಕಾಡಿನ ದೊಡ್ಡ ಮರಗಳ ಬೀಜ ಹಾಗಲ್ಲ ಮಾರಾಯ್ರೆ. ಸಾಲುಧೂಪದ ಬೀಜ ಮಳೆ ಹಿಡಿಯುವ ಹೊತ್ತಿಗೆ ಬೀಳುತ್ತದೆ, ಬಿದ್ದ ಕೆಲವೇ ದಿನದಲ್ಲಿ ಮೊಳಕೆ ಬಿಡುತ್ತದೆ. ಹೆಬ್ಬಲಸೂ ಅಷ್ಟೆ, ರಾಮಪತ್ರೆಯೂ ಅಷ್ಟೆ. ಒಣಗಿಸಿದಿರೋ, ಸತ್ತಿತು. ಒಣಗಿಸಿ, ಚೀಲ ಕಟ್ಟಿ, ಬೆಂಗಳೂರಲ್ಲಿ ಒಂದು ತಿಂಗಳು ಇಟ್ಟು ತಂದ ಉಂಡೆಯಲ್ಲಿ ಇವು ಇರುವ ಹಾಗೇ ಇಲ್ಲ. ಹಾಗಾದರೆ ಏನಿರುತ್ತದೆ? ನಾನೊಂದು ಸಲ ರಸ್ತೆ ಬದಿಯಲ್ಲಿ ಸಿಕ್ಕ ಉಂಡೆಗಳನ್ನು ಆರಿಸಿ ತಂದು ಜಗಲಿಯಲ್ಲಿ ಒಡೆದು ನೋಡಿದೆ. ಬೇವು, ಹೊಂಗೆ, ಹುಣಸೆ. ಬೇವು ಬಯಲುಸೀಮೆಯ ಮರ. ಬೆಂಗಳೂರಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಮಳೆ ಬಂದರೆ ಅದೇ ಜೋರು. ಇಲ್ಲಿ ಸರಾಸರಿಯೇ 7,000 ದಾಟುತ್ತದೆ. ಈ ನೀರಲ್ಲಿ ಬೇವಿನ ಸಸಿ ನಿಲ್ಲಬೇಕಾ?

ಇನ್ನೊಂದು. ಕಾಡೊಳಗೆ ಬೀಜಕ್ಕೆ ಬರ ಇಲ್ಲ. ಒಂದು ಧೂಪದ ಮರದ ಬುಡದಲ್ಲಿ ಮಳೆಗಾಲ ಮುಗಿಯುವಾಗ ಕಾಲಿಡಲು ಜಾಗ ಇಲ್ಲದಷ್ಟು ಸಸಿ ಇರುತ್ತವೆ. ಅವು ನೆರಳಲ್ಲಿ ಹಾಗೇ ಕುಳ್ಳಗೆ ಕಾಯುತ್ತವೆ. ಮೇಲೆ ಯಾವುದೋ ಮುದಿ ಮರ ಬಿದ್ದು ಬೆಳಕು ಬಂದರೆ ಒಂದೋ ಎರಡೋ ಮೇಲೆ ಏಳುತ್ತವೆ. ಅಲ್ಲಿ ನಾವು ಹೊರಗಿನಿಂದ ಬೀಜ ಎಸೆಯುವುದು ಮದುವೆ ಮನೆಗೆ ಬುತ್ತಿ ಕಟ್ಟಿಕೊಂಡು ಹೋದ ಹಾಗೆ.

ಬೀಜ ಬೇಕಾಗಿರುವುದು ಕಾಡು ಹೋದ ಜಾಗಕ್ಕೆ. ತೋಟದ ಅಂಚು, ಹೊಳೆ ದಂಡೆ, ಬೋಳಾದ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಶಾಲೆ ಹಿಂದಿನ ದರೆ. ಅಲ್ಲಿಗೂ ಬೀಜ ಎಸೆದರೆ ಆಗಲ್ಲ, ಸಸಿ ಮಾಡಿ ನೆಡಬೇಕು. ನಾವು ನಾಲ್ಕೈದು ಮನೆಯವರು ಜೂನ್ ಶುರುವಿಗೆ ಹಸಿ ಬೀಜ ಆರಿಸಿ ಕೊಟ್ಟೆಗೆ ಹಾಕುತ್ತೇವೆ. ಕೊಟ್ಟೆ ಅಂದರೆ ನಿಮ್ಮ ಕಡೆಯ ಪ್ಲಾಸ್ಟಿಕ್ ಕವರು. ಮಣ್ಣು ಜರಡಿ ಹಿಡಿಯಬೇಕು, ಗೊಬ್ಬರ ಬೆರೆಸಬೇಕು, ಐನೂರು ಆರುನೂರು ಕೊಟ್ಟೆ ತುಂಬಬೇಕು. ಅದೇ ಹೊತ್ತಿಗೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿ, ಮನೆಯಲ್ಲಿ ಕೈ ಸಾಲದು. ಇದು ಕೂತು ಮಾಡುವ ಕೆಲಸ, ಹನ್ನೆರಡು ವರ್ಷದ ಹುಡುಗಿ ಧಾರಾಳವಾಗಿ ಮಾಡಬಹುದು. ಆದರೆ ಫೋಟೋಗೆ ಚೆನ್ನಾಗಿ ಕಾಣಲ್ಲ. ಉಗುರಿನ ಸಂದಿಯ ಮಣ್ಣು ನಾಲ್ಕು ದಿನ ಹೋಗಲ್ಲ.

ಇನ್ನು ಕಸ. ವೀಕೆಂಡ್ ಮುಗಿದ ಸೋಮವಾರ ಹಳ್ಳದ ಹತ್ತಿರ ಬಂದು ನೋಡಿ. ಚಿಪ್ಸ್ ಪೊಟ್ಟಣ ಬಿಡಿ, ಅದನ್ನು ಆರಿಸಬಹುದು. ಬಿಯರ್ ಬಾಟಲಿಯನ್ನು ಬಂಡೆಗೆ ಹೊಡೆದು ಹೋಗುತ್ತಾರಲ್ಲ, ಅದು. ಎರಡು ವರ್ಷದ ಹಿಂದೆ ನಮ್ಮ ಗಬ್ಬದ ದನ ನೀರು ಕುಡಿಯಲು ಇಳಿದು ಗೊರಸಿನ ಸಂದಿಗೆ ಗಾಜು ಚುಚ್ಚಿಸಿಕೊಂಡಿತು. ಇಕ್ಕಳ ಹಿಡಿದು ತೆಗೆದವನು ನಾನೇ. ಹೆಬ್ಬೆರಳಿನ ಉಗುರಿನಷ್ಟು ಚೂರು, ಹಸಿರು ಬಣ್ಣ. ಇಪ್ಪತ್ತು ದಿನ ಕುಂಟಿತು. ಈಗ ಪ್ರತಿ ಸೋಮವಾರ ಗೋಣಿಚೀಲ ಹಿಡಿದು ಹೋಗುತ್ತೇನೆ. ಗಾಜು ಆರಿಸುವಾಗ ನೀರೊಳಗೆ ಕೈ ಹಾಕಬಾರದು. ನೀರು ತಿಳಿಯಾಗುವವರೆಗೆ ಕಾಯಬೇಕು. ಮಕ್ಕಳಿಗೆ ಈ ಕೆಲಸ ಬೇಡ.

ಯಾವ ತಿಂಗಳು ಅಂತ ಕೇಳಿದಿರಿ. ಕಪ್ಪೆ ನೋಡಬೇಕಾದರೆ ಜೂನ್, ಜುಲೈ. ಜಲಪಾತ ನೋಡಬೇಕಾದರೆ ಮಳೆ ಕಮ್ಮಿಯಾದ ಮೇಲೆ. ಮಳೆ ಜೋರಿದ್ದಾಗ ಒನಕೆ ಅಬ್ಬಿ, ಜೋಗಿಗುಂಡಿ ಕಡೆ ಬಿಡಲ್ಲ, ಬಿಡದಿರುವುದೇ ಸರಿ. ಬಂಡೆ ಮೇಲಿನ ಪಾಚಿಗೆ ನಿಮ್ಮ ಐದು ಸಾವಿರದ ಶೂ ಲೆಕ್ಕಕ್ಕಿಲ್ಲ.

ಉಂಬಳ (ಜಿಗಣೆಗೆ ನಾವು ಹಾಗೇ ಅನ್ನೋದು) ಬಗ್ಗೆ ಅತ್ತೆಯವರಿಗೆ ಹೇಳಿ: ಅದು ಕಚ್ಚಿದ್ದು ಗೊತ್ತಾಗಲ್ಲ, ನೋವೂ ಇಲ್ಲ. ಕಿತ್ತು ಎಳೆಯಬಾರದು. ಉಪ್ಪು ತಾಗಿಸಿದರೆ ಬಿಡುತ್ತದೆ, ಇಲ್ಲವೇ ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ತಳ್ಳಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ, ಅದಕ್ಕೇ ಇರುವೆ ಗಾತ್ರದ ಗಾಯದಿಂದ ಅರ್ಧ ಗಂಟೆ ರಕ್ತ ಸುರಿದು ಕಾಲ್ಚೀಲ ಕೆಂಪಾಗುವುದು. ನೋಡಲು ಭಯಂಕರ, ಅಪಾಯ ಏನೂ ಇಲ್ಲ. ವಾರ ತುರಿಕೆ ಇರುತ್ತದೆ, ಕೆರೆದುಕೊಳ್ಳಬಾರದು. ನಮ್ಮ ಆಳುಗಳು ಕಾಲಿಗೆ ಹೊಗೆಸೊಪ್ಪು, ಸುಣ್ಣ, ಎಣ್ಣೆ ಕಲಸಿ ಹಚ್ಚಿಕೊಳ್ಳುತ್ತಾರೆ. ನಿಮಗೆ ದಪ್ಪ ಬಟ್ಟೆಯ ಉದ್ದ ಕಾಲ್ಚೀಲ ಸಾಕು, ಪ್ಯಾಂಟನ್ನು ಒಳಗೆ ಸಿಕ್ಕಿಸಿಕೊಳ್ಳಿ.

ಟ್ರಿಪ್ ಮೇಸ್ಟ್ರು

ನಾನು ಇಂಥ ಟ್ರಿಪ್ ಮಾಡಿಸುವವನು. ನೀವು ಹೋದದ್ದು ನನ್ನ ಜೊತೆ ಅಲ್ಲ, ಆದರೂ ನಾಚಿಕೆ ಆಯಿತು. ಆದರೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನು ಬೀಜದುಂಡೆ ಬಿಟ್ಟು ಮೂರು ವರ್ಷ ಆಯಿತು. 12 ಜನಕ್ಕಿಂತ ಜಾಸ್ತಿ ಕರೆದುಕೊಂಡು ಹೋಗಲ್ಲ. ಅದರಿಂದ ಏನಾಗಿದೆ ಗೊತ್ತಾ? ಗಾಡಿ ಬಾಡಿಗೆ, ಡ್ರೈವರ್ ಬಾಟಾ, ಊಟ ಎಲ್ಲಾ ಸೇರಿ ತಲೆಗೆ 7,000 ದಾಟುತ್ತದೆ. ಫೋನ್ ಮಾಡಿದವರು ಮೊದಲು ಕೇಳೋದು “ಫಾಲ್ಸ್ ಇದೆಯಾ?”, ಎರಡನೆಯದು “ಡಿಸ್ಕೌಂಟ್ ಇದೆಯಾ?”. ತಿಂಗಳಲ್ಲಿ ಎರಡು ವೀಕೆಂಡ್ ಖಾಲಿ.

2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಇರುವೆ ಸಾಲಿನ ಹಾಗೆ ನಿಂತ ವಿಡಿಯೋ ನೀವೆಲ್ಲ ನೋಡಿದ್ದೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಲ್ಲಿ ಟಿಕೆಟ್ ತೆಗೆದುಕೊಂಡೇ ಹೋಗಬೇಕು. ನಮ್ಮ ವ್ಯಾಪಾರಕ್ಕೆ ಪೆಟ್ಟು ಬಿತ್ತು, ಸುಳ್ಳು ಹೇಳಲ್ಲ. ಆದರೆ ಬೇಕಾಗಿತ್ತು.

ತೋಟದಾಚೆ ಸರ್, ಒಂದು ಮಾತು. ನನ್ನ ಟ್ರಿಪ್ಪಿನ ಊಟ ಮಾಡಿಕೊಡುವ ಅಕ್ಕ, ಜೀಪ್ ಓಡಿಸುವ ಹುಡುಗ ಇಬ್ಬರೂ ನಿಮ್ಮ ಸೀಮೆಯವರೇ. ಪೇಟೆಯವರು ಬರುವುದೇ ಬೇಡ ಅಂದರೆ ಅವರ ಗತಿ?

ತೋಟದಾಚೆ

ಬರಬೇಡಿ ಅಂತ ನಾನೆಲ್ಲಿ ಅಂದೆ? 38 ಜನ ಒಂದೇ ದಿನ ಬರಬೇಡಿ ಅನ್ನುತ್ತೇನೆ, ಅಷ್ಟೆ. ಹನ್ನೆರಡು ಜನಕ್ಕೆ ಊಟ ಹಾಕಲು ಒಂದು ಮನೆಗೆ ಆಗುತ್ತದೆ, ನಮ್ಮಲ್ಲಿ ಕೊಟ್ಟೆಕಡುಬು, ಪತ್ರೊಡೆ ಎಲ್ಲಾ ಸಿಗುತ್ತದೆ. ಹೆಚ್ಚಾದರೆ ನೀವೇ ಬೆಂಗಳೂರಿಂದ ಬ್ರೆಡ್ಡು ತರುತ್ತೀರಿ. ಆಗ ನಮಗೆ ಉಳಿಯುವುದು ಬ್ರೆಡ್ಡಿನ ಕವರು ಮಾತ್ರ.

ಸಿಸ್ಟರ್ ಅಕ್ಕ

ಯಾರೂ ಇದನ್ನು ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ನಾನು ಶಿವಮೊಗ್ಗ ಜಿಲ್ಲೆಯಲ್ಲಿ ನರ್ಸ್ ಆಗಿದ್ದೆ, ಈಗ ನಿವೃತ್ತಿ.

ಉಂಬಳಕ್ಕೆ ಹೆದರಬೇಡಿ, ಉಣುಗಿಗೆ (ದನ, ನಾಯಿಯ ಮೈಗೆ ಕಚ್ಚಿಕೊಳ್ಳುವ ಉಣ್ಣೆ) ಹೆದರಿ. ಮಂಗನ ಕಾಯಿಲೆ ಅನ್ನುವ ಜ್ವರ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಉಣುಗು ಕಚ್ಚಿ ಹರಡುತ್ತದೆ. ಮಳೆಗಾಲದಲ್ಲಿ ಕಮ್ಮಿ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಅಂದರೆ ಸರಿಯಾಗಿ ನಿಮ್ಮ ಕ್ರಿಸ್‌ಮಸ್ ರಜೆ, ಬೇಸಿಗೆ ರಜೆಯಲ್ಲಿ. ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು, ಮೈಮೇಲಿದ್ದರೂ ಕಾಣಲ್ಲ. ಆ ತಿಂಗಳಲ್ಲಿ ಹೋಗುವುದಾದರೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಕೇಳಿ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆ ಮೇಲೆ ಕೂರಬೇಡಿ. ಬಂದ ತಕ್ಷಣ ಬಿಸಿನೀರು, ಸೋಪು ಹಾಕಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಊರವರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಿ.

ಮುಖ್ಯವಾದದ್ದು: ವಾಪಸ್ ಬಂದು ವಾರ ಹತ್ತು ದಿನದಲ್ಲಿ ಜ್ವರ ಬಂದರೆ ಬೆಂಗಳೂರಿನ ಡಾಕ್ಟರ್‌ಗೆ “ಮಲೆನಾಡಿನ ಕಾಡಿಗೆ ಹೋಗಿದ್ದೆ” ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದು ಡೆಂಗಿ ಮಾತ್ರ.

ವಟವಟ

ಕಪ್ಪೆ ಹುಚ್ಚಿನ ಪುಟಾಣಿಗೆ ಮಾತ್ರ ಈ ಉತ್ತರ. ನಾನೂ ಅದೇ ಜಾತಿ. ಆರು ವರ್ಷದಿಂದ ಮಳೆಗಾಲದಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಕಡೆ ಒಂದೇ ಊರಿಗೆ ಹೋಗುತ್ತೇನೆ.

ಅಲ್ಲಿ ಕತ್ತಲೆಕಾನು ಅಂತ ಒಂದು ಕಾಡು ಇದೆ. ಕುಂಬಾರ ಕಪ್ಪೆಗೆ ವಿಜ್ಞಾನಿಗಳು 2014ರಲ್ಲಿ ಹೆಸರಿಟ್ಟದ್ದು ಅಲ್ಲಿನ ಕಪ್ಪೆ ನೋಡಿ. ಹೆಸರು ಯಾಕೆ ಅಂದರೆ, ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗಾಲಲ್ಲಿ ಮಣ್ಣು ಬಾಚಿ ತಂದು ಮೊಟ್ಟೆಗೆ ಮೆತ್ತುತ್ತದೆ. ಥೇಟ್ ಮಡಕೆ ಮಾಡುವವರ ಹಾಗೆ. ಗಾತ್ರ ನಿನ್ನ ಹೆಬ್ಬೆರಳಿನಷ್ಟು. ಅಂಥದರ ಮೊಟ್ಟೆ ಹಳ್ಳದ ಕಲ್ಲು, ಕಡ್ಡಿಗೆ ಅಂಟಿಕೊಂಡಿರುತ್ತದೆ. 38 ಜನ ಹಳ್ಳಕ್ಕೆ ಇಳಿದರೆ ಎಷ್ಟು ತುಳಿದರು ಅಂತ ಅವರಿಗೇ ಗೊತ್ತಾಗಲ್ಲ.

ಕಪ್ಪೆ ಮುಟ್ಟಬಾರದು. ಅದು ಚರ್ಮದಿಂದಲೂ ಉಸಿರಾಡುತ್ತದೆ. ನಿನ್ನ ಕೈಗೆ ಹಚ್ಚಿದ ಸೊಳ್ಳೆ ಕ್ರೀಮು ಅದಕ್ಕೆ ವಿಷ. ಕಾಡಿನೊಳಗೆ ರಾತ್ರಿ ಹೋಗಲು ಇಲಾಖೆಯ ಒಪ್ಪಿಗೆ ಬೇಕು, ಅದರ ಗೋಜಿಗೆ ಹೋಗಬೇಡಿ. ಊರಿನ ರಸ್ತೆಯಲ್ಲೇ ಒಂದು ಕೆಲಸ ಇದೆ. ಮಳೆಯ ರಾತ್ರಿ ಕಪ್ಪೆಗಳು ರಸ್ತೆ ದಾಟುತ್ತವೆ, ಗಾಡಿಗೆ ಸಿಗುತ್ತವೆ. ದೊಡ್ಡವರ ಜೊತೆ, ಹೊಳೆಯುವ ಜಾಕೆಟ್ ಹಾಕಿಕೊಂಡು, ಗಾಡಿ ಕಮ್ಮಿ ಇರುವ ಕಡೆ ಅರ್ಧ ಕಿಲೋಮೀಟರ್ ನಡಿ. ಬದುಕಿದ್ದು ಎಷ್ಟು, ಸತ್ತಿದ್ದು ಎಷ್ಟು, ಎಷ್ಟು ಗಂಟೆಗೆ, ಮಳೆ ಹೇಗಿತ್ತು ಅಂತ ಬರಿ. ಮುಟ್ಟದೆ ಫೋಟೋ ತೆಗೆದು ಐನ್ಯಾಚುರಲಿಸ್ಟ್‌ಗೆ (ಪ್ರಾಣಿ, ಗಿಡ ಎಲ್ಲಿ ಕಂಡವು ಅಂತ ದಾಖಲಿಸುವ ವೆಬ್‌ಸೈಟು) ಹಾಕು. ಒಂದು ಸಲ ಬರೆದರೆ ಅದು ಸುಮ್ನೆ ಲೆಕ್ಕ. ಅದೇ ಅರ್ಧ ಕಿಲೋಮೀಟರ್ ಮೂರು ವರ್ಷ ಬರೆದರೆ, ಯಾವ ಮೋರಿಯ ಹತ್ತಿರ ಜಾಸ್ತಿ ಸಾಯುತ್ತವೆ ಅಂತ ಬೆರಳಿಟ್ಟು ತೋರಿಸಬಹುದು.

ಗಿರಿನಗರದ ಅಮ್ಮ (ಜುಲೈ ಮೊದಲ ವಾರ)

ಹೋಗಿ ಬಂದೆವು! ಅಲ್ಲಿಂದಲೇ ಬರೆಯೋಣ ಅಂದರೆ ನೆಟ್‌ವರ್ಕ್ ಇರಲಿಲ್ಲ, ಕರೆಂಟೂ ಇರಲಿಲ್ಲ.

ತೋಟದಾಚೆ ಅವರಿಗೆ ಮೆಸೇಜ್ ಮಾಡಿದ್ದೆ. ಮೊದಲು ಹದಿನೈದು ದಿನ ಉತ್ತರವೇ ಇಲ್ಲ. ಆಮೇಲೆ ಒಂದೇ ಸಾಲು: “ಬೀಜ ಬಿದ್ದಿದೆ, ಬನ್ನಿ.” ಕೆಂಪು ಬಸ್ಸು ಅವರು ಹೇಳಿದ ದಾರಿಯಲ್ಲೇ ಹೋದೆವು. ಮಗಳು ಮುಂದಿನ ಸೀಟಲ್ಲಿ ಕೂತಳು, ವಾಂತಿ ಮಾಡಿದ್ದು ನಾನು.

ಶನಿವಾರ ಪೂರ್ತಿ ಕೊಟ್ಟಿಗೆಯ ಪಕ್ಕ ಕೂತು ಕೊಟ್ಟೆ ತುಂಬಿದೆವು. ನಾವಿಬ್ಬರು, ಮನೆಯ ಅಮ್ಮ, ಪಕ್ಕದ ಮನೆಯ ಇಬ್ಬರು ಮಕ್ಕಳು. 214 ಆಯಿತು. ಅಕೌಂಟ್ಸಿನವಳಲ್ವಾ, ಲೆಕ್ಕ ಇಟ್ಟೆ. ರಾಮಪತ್ರೆಯ ಕಾಯಿ ನಾನು ನೋಡಿದ್ದು ಅದೇ ಮೊದಲು. ಒಡೆದರೆ ಒಳಗೆ ಬೀಜಕ್ಕೆ ಕೆಂಪು ಬಲೆ ಹೊದಿಸಿದ ಹಾಗೆ ಪತ್ರೆ. ಅದನ್ನು ಬಿಡಿಸಿ ಬೀಜ ಮಣ್ಣಿಗೆ, ಪತ್ರೆ ಮೊರಕ್ಕೆ. ಮಗಳ ಹತ್ತೂ ಬೆರಳಿಗೆ ಬಣ್ಣ ಹತ್ತಿತ್ತು. ಮಳೆ ಹೇಗಿತ್ತು ಅಂದರೆ, ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿ ಮಾತಾಡಬೇಕಿತ್ತು.

ರಾತ್ರಿ ಎಂಟೂವರೆಗೆ ತೋಟದಾಚೆ ಅವರು ಮುಂದೆ, ನಾವು ಹಿಂದೆ, ಶಾಲೆಯಿಂದ ಮೋರಿವರೆಗೆ ನಡೆದೆವು. ಮೂರೇ ಟಾರ್ಚು. ಬದುಕಿದ್ದ ಕಪ್ಪೆ 31, ಸತ್ತಿದ್ದು 9. ಮೊದಲ ಸತ್ತ ಕಪ್ಪೆಗೆ ಮಗಳು ಅತ್ತಳು, ಐದನೆಯದಕ್ಕೆ ಟೈಮ್ ಕೇಳಿ ಬರೆದುಕೊಂಡಳು. ಅದನ್ನು ನೋಡಿ ನನಗೇ ಒಂಥರಾ ಆಯಿತು.

ಬೆಳಿಗ್ಗೆ ಇನ್ನೊಂದು ತೋರಿಸಿದರು. ಮನೆಯ ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ, ಎಲೆಗಳ ನಡುವೆ ಬಿಳಿ ನೊರೆಯ ಮುದ್ದೆ. ಸೋಪಿನ ನೊರೆ ಯಾರೋ ಇಟ್ಟ ಹಾಗೆ. ಹಾರುವ ಕಪ್ಪೆಯ ಗೂಡಂತೆ. ಒಳಗೆ ಮೊಟ್ಟೆ ಒಡೆದು ಮರಿಗಳು ನೊರೆ ಕರಗಿ ಕೆಳಗೆ ನೀರಿಗೆ ಬೀಳುತ್ತವಂತೆ. ನಾವು ನೋಡುತ್ತಿರುವಾಗಲೇ ಎರಡು ಬಿದ್ದವು. ಟಪ್, ಟಪ್. ಅಷ್ಟೇ ಸದ್ದು. ಫೋಟೋ ತೆಗೆಯೋಕೆ ಇಬ್ಬರಿಗೂ ನೆನಪಾಗಲಿಲ್ಲ.

ಅತ್ತೆಯವರ ವರದಿ: ನನಗೆ ಉಂಬಳ ಏಳು, ಮಗಳಿಗೆ ಎರಡು. ಅವಳ ಕಾಲ್ಚೀಲ ಚೆನ್ನಾಗಿತ್ತು.

ದೀಪಾವಳಿ ರಜೆಯಲ್ಲಿ ಮತ್ತೆ ಬರ್ತೀವಿ ಅಂದಿದ್ದೇವೆ, ಕೊಟ್ಟೆಯ ಕಳೆ ತೆಗೆಯೋಕೆ. ಒಂದು ತೊಂದರೆ. ಮಗಳ ಲೆಕ್ಕದ ಪುಸ್ತಕ ನೆನೆದು ಪೆನ್ನಿನ ಶಾಯಿ ಎಲ್ಲಾ ಹರಡಿ, 22ನೇ ಕಪ್ಪೆಯಿಂದ ಮುಂದೆ ಟೈಮ್ ಓದೋಕೇ ಆಗ್ತಿಲ್ಲ. ನೀರಿಗೆ ನೆನೆಯದ ಪುಸ್ತಕ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?

ವಟವಟ

ಪೆನ್ನು ಬಿಟ್ಟು ಪೆನ್ಸಿಲ್ಲಲ್ಲಿ ಬರೆಯೋಕೆ ಹೇಳಿ. ಸೀಸದ ಕಡ್ಡಿಗೆ ಮಳೆಯ ಹಂಗಿಲ್ಲ.

ತೋಟದಾಚೆ

ಪುಟ್ಟಿಗೆ ಹೇಳಿ, ನೀವು ಹೋದ ಮೇಲೆ ಬುಧವಾರ ರಾತ್ರಿ ನಾನೂ ನಡೆದೆ. ಬದುಕಿದ್ದು 40, ಸತ್ತಿದ್ದು 14. ಮೋರಿ ಹತ್ತಿರವೇ 11. ಹಾಲಿನ ಡೈರಿಯ ಚೀಟಿಯ ಹಿಂದೆ ಬರೆದಿಟ್ಟಿದ್ದೇನೆ.